ಸಹಾಯ ಬೇಕು: ಜಿಪ್ಸಿ ಇಂಜಿನ್ ರೀಬೋರ್ ಆಗಿದೆ, ಆಯಿಲ್ ಲೈಟ್ ಆರ್ತಿಲ್ಲ

ನಮಸ್ಕಾರ, ಮಡಿಕೇರಿ ಕಡೆ ಹಳೇ ಜಿಪ್ಸಿ ಇಂಜಿನ್ ಕೆಲಸ ಗೊತ್ತಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ತೋಟದ ಗಾಡಿ, 1298 ಸಿಸಿ ಪೆಟ್ರೋಲ್, ರೀಬೋರ್ ಮಾಡಿಸಿ (ಸವೆದ ಸಿಲಿಂಡರ್ ಕೊರೆಸಿ) ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಾ ಹೊಸದು ಹಾಕಿದ್ದಾಯ್ತು, ಇನ್ನೂ ಸ್ಟಾರ್ಟ್ ಮಾಡಿಲ್ಲ. ನಾಲ್ಕೂ ಪ್ಲಗ್ ಬಿಚ್ಚಿ, ಫ್ಯೂಯಲ್ ಪಂಪ್ ರಿಲೇ ತೆಗೆದು, ಸ್ಟಾರ್ಟರ್ ಬಿಸಿ ಆಗ್ಬಾರ್ದು ಅಂತ ಹತ್ತತ್ತು ಸೆಕೆಂಡ್ ಅಷ್ಟೇ, ಮಧ್ಯೆ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡ್ತಿದೀನಿ (ಆಯಿಲ್ ಮೇಲೆ ಬರ್ಲಿ ಅಂತ ಸ್ಟಾರ್ಟರ್‌ನಲ್ಲಿ ಬರೀ ತಿರುಗಿಸೋದು), ಆದ್ರೂ ಆಯಿಲ್ ಪ್ರೆಶರ್‌ನ ಕೆಂಪು ಲೈಟ್ ಆರ್ತಾನೇ ಇಲ್ಲ. ಫಿಲ್ಟರ್‌ಗೆ ಆಯಿಲ್ ತುಂಬಿಸೇ ಹಾಕಿದ್ದು. ಟ್ಯಾಪೆಟ್ ಕವರ್ ತೆಗೆದು ನೋಡಿದ್ರೆ ಕ್ಯಾಮ್ ಮೇಲೆ ನಾವು ಸವರಿದ ಗಟ್ಟಿ ಲ್ಯೂಬ್ ಹಾಗೇ ಕೂತಿದೆ, ಹೊಸ ಆಯಿಲ್ ಒಂದು ಹನಿನೂ ಬಂದಿಲ್ಲ. ಆಯಿಲ್ ಪಂಪ್ ಒಣಗಿ ಆಯಿಲ್ ಎಳೀತಿಲ್ವಾ? ಆ ಲೈಟ್‌ನ ಪ್ರೆಶರ್ ಸ್ವಿಚ್ ಬಿಚ್ಚಿ ಆ ತೂತಿಂದ ಆಯಿಲ್ ಬಿಡಬಹುದಾ?

ಮೇಸ್ತ್ರಿ "ಸ್ಟಾರ್ಟ್ ಮಾಡಿ, ತಾನಾಗೇ ಬರುತ್ತೆ" ಅಂತಾರೆ, ನಂಗೆ ಧೈರ್ಯ ಇಲ್ಲ, ಹೊಸ ಬೇರಿಂಗ್ ಹೋದ್ರೆ ಯಾರು ಕೊಡ್ತಾರೆ.

ಇನ್ನೊಂದು, ಸ್ಟಾರ್ಟ್ ಆದ್ಮೇಲೆ ಒಂದು ಗಂಟೆ ಐಡಲ್ ಬಿಡಿ ಅಂತ ಒಬ್ರು, ಐಡಲ್ ಬಿಟ್ರೆ ಹೊಸ ರಿಂಗ್ ಸಿಲಿಂಡರ್‌ಗೆ ಹೊಂದ್ಕೊಂಡು ಕೂರಲ್ಲ, ಲೀಕ್ ನೋಡ್ಕೊಂಡು ಸೀದಾ ಸಂಪಾಜೆ ಘಾಟಿಲಿ ಲೋಡ್ ಕೊಟ್ಟು ಹತ್ತಿಸಿ, ಇಳಿವಾಗ ಗೇರಲ್ಲೇ ಇಳಿಸಿ ಅಂತ ಇನ್ನೊಬ್ರು. ನಂಗೆ ಎರಡನೇದೇ ಸರಿ ಅನ್ಸುತ್ತೆ. ಮಾಡಿ ನೋಡಿದೋರು ಹೇಳಿ. ಆಯಿಲ್ ಪ್ರೆಶರ್ ಗೇಜ್ ಯಾರ ಹತ್ರ ಆದ್ರೂ ಇದ್ರೆ ಒಂದಿನಕ್ಕೆ ಕೊಡ್ತೀರಾ?