ಬೀಗಲ್ ಹಡಗಿನ ಮರದ ಮಾದರಿ: ಎಷ್ಟನ್ನು ಬಿಚ್ಚಬೇಕು, ಎಷ್ಟನ್ನು ಉಳಿಸಿಕೊಳ್ಳಬಹುದು?

ಪ್ರಶ್ನೆ

ವಿಜ್ಞಾನಿ ಡಾರ್ವಿನ್ ಯಾನ ಮಾಡಿದ ಎಚ್‌ಎಂಎಸ್ ಬೀಗಲ್ ಹಾಯಿಹಡಗಿನ ಮರದ ಮಾದರಿಯನ್ನು 1:64 ಪ್ರಮಾಣದಲ್ಲಿ ಕಟ್ಟುತ್ತಿದ್ದೇನೆ. ಪ್ಲೈವುಡ್ಡಿನ ಬೆನ್ನುಹಲಗೆಗೆ ಹಡಗಿನ ಮೈಗೆ ಆಕಾರ ಕೊಡುವ ಅಡ್ಡಹಲಗೆಗಳಾದ ಬಲ್ಕ್‌ಹೆಡ್‌ಗಳನ್ನು ಕೂಡಿಸಿ, ಡೆಕ್ಕನ್ನು ಅಂಟಿಸಿ, 5 ಮಿ.ಮೀ. ಅಗಲದ ಪಟ್ಟಿಗಳ ಮೊದಲ ಹೊದಿಕೆಯನ್ನು ಅರ್ಧದಷ್ಟು ಮುಗಿಸಿದ್ದೇನೆ. ಇದರ ಮೇಲೆ ವಾಲ್‌ನಟ್ ಪಟ್ಟಿಗಳ ಎರಡನೆಯ ಹೊದಿಕೆ, ಆಮೇಲೆ ನೀರಿನ ಮಟ್ಟದ ಕೆಳಗೆ ತಾಮ್ರದ ತಗಡುಗಳು ಬರಬೇಕು. ಈಗ ಮೂರು ದೋಷಗಳು ಕಾಣುತ್ತಿವೆ. ಮೂತಿಯ ಬಳಿ ಪಟ್ಟಿಗಳ ಅಂಚು ಮೇಲೆದ್ದು ಒಂದರ ಮೇಲೊಂದು ಹತ್ತುತ್ತಿವೆ, ಎಡಬದಿಯಲ್ಲಿ ಮೂರನೆಯ ಬಲ್ಕ್‌ಹೆಡ್ ಇರುವಲ್ಲಿ ಮೈ ಉಬ್ಬಿದೆ, ಡೆಕ್ಕಿನ ಮೇಲೆ ಸೂಪರ್ ಗ್ಲೂ ಕಲೆಯಾಗಿ ನಿಂತಿದೆ. ನಾನಿರುವುದು ಮಂಗಳೂರಿನಲ್ಲಿ, ಮಳೆಗಾಲ ನಡೆಯುತ್ತಿದೆ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ಮೈಸೂರಿನಿಂದ ಬಂದ ಉತ್ತರ

ನೀವು ಸರಿಯಾದ ಹೊತ್ತಿನಲ್ಲಿ ಕೇಳಿದ್ದೀರಿ, ಏಕೆಂದರೆ ಮೊದಲ ಹೊದಿಕೆಯ ಹಂತದಲ್ಲಿ ಇರುವ ದೋಷಗಳಲ್ಲಿ ಹೆಚ್ಚಿನವು ಇನ್ನೂ ತಿದ್ದಲು ಸಿಗುತ್ತವೆ. ಯಾವುದನ್ನು ಬಿಚ್ಚಬೇಕು ಎಂಬುದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಈ ದೋಷ ಮುಂದಿನ ಪದರಕ್ಕೆ ದಾಟುತ್ತದೆಯೇ, ಇಲ್ಲಿಯೇ ಮುಚ್ಚಿಹೋಗುತ್ತದೆಯೇ? ಪಟ್ಟಿಗಳ ನಡುವಿನ ಬಿರುಕು, ಮೊಳೆಯ ಗುರುತು, ಬಣ್ಣದ ವ್ಯತ್ಯಾಸ ಇವೆಲ್ಲ ಎರಡನೆಯ ಹೊದಿಕೆಯ ಕೆಳಗೆ ಮರೆಯಾಗುತ್ತವೆ. ಆಕಾರದ ದೋಷ ಮಾತ್ರ ಹಾಗಲ್ಲ. ಎರಡನೆಯ ಹೊದಿಕೆಯ ಪಟ್ಟಿಗಳು ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸಿನ ದಪ್ಪದವು, ಕೆಳಗಿನ ಉಬ್ಬನ್ನು ಅವು ಅಡಗಿಸುವುದಿಲ್ಲ, ಅದರ ಮೇಲೆ ಬರುವ ತಾಮ್ರವಂತೂ ಬೆಳಕು ಬಿದ್ದ ಕೂಡಲೇ ಅದನ್ನು ಎತ್ತಿ ತೋರಿಸುತ್ತದೆ.

ಹಾಗಾಗಿ ಉಬ್ಬನ್ನು ಮೊದಲು ನೋಡಿ. ತೆಳುವಾದ, ಗಂಟಿಲ್ಲದ ಪಟ್ಟಿಯೊಂದನ್ನು ಮೂತಿಯಿಂದ ಹಿಂಬದಿಯವರೆಗೆ ಒತ್ತದೆ ಮೈಗೆ ತಾಗಿಸಿ ಹಿಡಿಯಿರಿ. ಅದು ಎಲ್ಲ ಬಲ್ಕ್‌ಹೆಡ್‌ಗಳ ಮೇಲೂ ಒಂದೇ ಹರಿವಿನಲ್ಲಿ ಕೂರಬೇಕು. ಮೂರನೆಯದರ ಮೇಲೆ ಮಾತ್ರ ನಿಂತು ಅಕ್ಕಪಕ್ಕದಲ್ಲಿ ಸಂದು ಕಂಡರೆ ಆ ಬಲ್ಕ್‌ಹೆಡ್ಡಿನ ಅಂಚನ್ನು ಸಾಕಷ್ಟು ಉಜ್ಜಿಲ್ಲ ಎಂದರ್ಥ. ಎರಡನೆಯದರಲ್ಲೋ ನಾಲ್ಕನೆಯದರಲ್ಲೋ ತಗ್ಗಿದ್ದರೂ ಮೂರನೆಯದೇ ಉಬ್ಬಿದಂತೆ ಕಾಣುವುದುಂಟು, ಅದನ್ನು ಬೇರ್ಪಡಿಸಿ ನೋಡಬೇಕು. ಬಲಬದಿಯ ಅದೇ ಜಾಗಕ್ಕೆ ರಟ್ಟಿನ ಅಚ್ಚು ಕತ್ತರಿಸಿ, ತಿರುಗಿಸಿ ಎಡಬದಿಗೆ ಹಿಡಿದರೆ ಯಾವುದು ಎಂಬುದು ನಿಶ್ಚಯವಾಗುತ್ತದೆ. ಮೊದಲ ಹೊದಿಕೆಯ ಪಟ್ಟಿಗಳು ಸುಮಾರು 1.5 ಮಿ.ಮೀ. ದಪ್ಪವಿದ್ದರೆ ಅರ್ಧ ಮಿ.ಮೀ.ನಷ್ಟು ಉಬ್ಬನ್ನು ಉಜ್ಜಿಯೇ ಇಳಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಆ ಭಾಗದ ಪಟ್ಟಿಗಳನ್ನು ಬಿಚ್ಚಿ, ಬಲ್ಕ್‌ಹೆಡ್ಡಿನ ಅಂಚನ್ನೇ ಅರದಿಂದ ಸರಿಪಡಿಸಬೇಕು. ತಗ್ಗಿನ ದೋಷವಾದರೆ ಕೆಲಸ ಇನ್ನೂ ಸುಲಭ: ತಗ್ಗಿದ ಅಂಚಿಗೆ ತೆಳುವಾದ ಮರದ ಚೂರು ಅಂಟಿಸಿ ಉಜ್ಜಿದರಾಯಿತು.

ಮೂತಿಯ ದೋಷಕ್ಕೆ ಕಾರಣ ಅಂಟಲ್ಲ, ಲೆಕ್ಕ. ಹಡಗಿನ ನಡುಭಾಗದಲ್ಲಿ ಡೆಕ್ಕಿನ ಅಂಚಿನಿಂದ ತಳದ ನಡುದಿಮ್ಮಿಯಾದ ಕೀಲ್‌ವರೆಗೆ ಬಲ್ಕ್‌ಹೆಡ್ಡಿನ ಅಂಚಿನುದ್ದಕ್ಕೂ ಅಳೆದರೆ ಬರುವ ದೂರ ಮೂತಿಯಲ್ಲಿ ಬರುವುದಕ್ಕಿಂತ ಬಹಳ ಹೆಚ್ಚು. ಉದಾಹರಣೆಗೆ ನಡುವಿನಲ್ಲಿ 100 ಮಿ.ಮೀ. ಇದ್ದು ಮೂತಿಯಲ್ಲಿ 60 ಮಿ.ಮೀ. ಇದೆ ಎನ್ನಿ. ನಡುವಿನಲ್ಲಿ 5 ಮಿ.ಮೀ.ನ ಇಪ್ಪತ್ತು ಪಟ್ಟಿಗಳು ಹಿಡಿಯುತ್ತವೆ. ಅದೇ ಇಪ್ಪತ್ತು ಪಟ್ಟಿಗಳು ಮೂತಿಯಲ್ಲೂ ಕೂರಬೇಕಾದರೆ ಪ್ರತಿಯೊಂದೂ ಅಲ್ಲಿಗೆ ಬರುವ ಹೊತ್ತಿಗೆ 3 ಮಿ.ಮೀ.ಗೆ ಕಿರಿದಾಗಬೇಕು. ಕಿರಿದಾಗಿಸದೆ ಬಾಗಿಸಿದ ಪಟ್ಟಿಗೆ ಹೋಗಲು ಜಾಗವಿರುವುದಿಲ್ಲ, ಅದು ಪಕ್ಕದ ಪಟ್ಟಿಯ ಮೇಲೆ ಹತ್ತುತ್ತದೆ. ಎಷ್ಟು ಅಂಟು ಹಾಕಿದರೂ, ಎಷ್ಟು ಮೊಳೆ ಬಡಿದರೂ ಅದು ಎದ್ದೇ ಏಳುತ್ತದೆ.

ಆದ್ದರಿಂದ ಹತ್ತಿಕೊಂಡಿರುವ ಪಟ್ಟಿಗಳನ್ನು ಮೂತಿಯಿಂದ ಮೂರನೆಯ ಅಥವಾ ನಾಲ್ಕನೆಯ ಬಲ್ಕ್‌ಹೆಡ್‌ವರೆಗೆ ಬಿಚ್ಚಿ, ಅಲ್ಲಿ ಬಲ್ಕ್‌ಹೆಡ್ಡಿನ ಅಂಚಿನ ಮೇಲೆಯೇ ನೇರವಾಗಿ ಕತ್ತರಿಸಿ. ಹಿಂದಿನ ಭಾಗ ಚೆನ್ನಾಗಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಉಳಿದ ತೆರಪನ್ನು ಪ್ರತಿ ಬಲ್ಕ್‌ಹೆಡ್ಡಿನಲ್ಲೂ ಕಾಗದದ ಪಟ್ಟಿಯಿಂದ ಅಳೆದು, ಬಾಕಿಯಿರುವ ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಪ್ರತಿ ಹೊಸ ಪಟ್ಟಿಯನ್ನೂ ಆ ಗುರುತುಗಳಿಗೆ ಸರಿಯಾಗಿ ತೋಪಡದಿಂದ ಹೆರೆದು ಕಿರಿದಾಗಿಸಿ. ಯಾವ ಪಟ್ಟಿಯನ್ನೂ ಮೂಲ ಅಗಲದ ಅರ್ಧಕ್ಕಿಂತ ಕಡಿಮೆ ಮಾಡಬೇಡಿ. ಅದಕ್ಕೂ ಕಿರಿದಾಗಬೇಕು ಎಂದು ಲೆಕ್ಕ ಹೇಳಿದರೆ ಎರಡು ಪಟ್ಟಿಗಳ ತುದಿಗಳು ಒಂದೇ ಅಗಲವಾದ ಪಟ್ಟಿಯಲ್ಲಿ ಸೇರುವಂತೆ ಮಾಡಿ. ನಿಜವಾದ ಹಡಗುಗಳಲ್ಲೂ ಬಡಗಿಗಳು ಹಾಗೆಯೇ ಮಾಡುತ್ತಿದ್ದರು. ಹಿಂಬದಿಯಲ್ಲಿ ಇದಕ್ಕೆ ವಿರುದ್ಧವಾಗಿ ತೆರಪು ಅಗಲವಾಗುತ್ತದೆ, ಅಲ್ಲಿ ಬೆಣೆಯಾಕಾರದ ತುಂಡುಗಳನ್ನು ಸೇರಿಸಬೇಕಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಒಂದು ಬದಿಯಲ್ಲಿ ಒಂದು ಪಟ್ಟಿ ಹಾಕಿದ ಮೇಲೆ ಮುಂದಿನದನ್ನು ಇನ್ನೊಂದು ಬದಿಯಲ್ಲೇ ಹಾಕಿ. ಒಂದೇ ಬದಿಯನ್ನು ಮುಗಿಸುತ್ತಾ ಹೋದರೆ ಆ ಎಳೆತಕ್ಕೆ ಬೆನ್ನುಹಲಗೆಯೇ ಬಾಗುತ್ತದೆ. ನಿಮ್ಮದು ಬಾಗಿದೆಯೇ ಎಂದು ಇವತ್ತೇ ನೋಡಿಬಿಡಿ: ಮೂತಿಯಿಂದ ಹಿಂಬದಿಯವರೆಗೆ ಕೀಲ್ ಉದ್ದಕ್ಕೂ ದಾರವನ್ನು ಬಿಗಿಯಾಗಿ ಹಿಡಿದರೆ ಅಡ್ಡಬಾಗು ತಿಳಿಯುತ್ತದೆ, ಮೊದಲ ಮತ್ತು ಕೊನೆಯ ಬಲ್ಕ್‌ಹೆಡ್‌ಗಳ ನೇರಕ್ಕೆ ಎರಡು ಕಡ್ಡಿಗಳನ್ನು ಅಡ್ಡಲಾಗಿಟ್ಟು ಹಿಂದಿನಿಂದ ಒಂದೇ ಕಣ್ಣಿನಲ್ಲಿ ನೋಡಿದರೆ ತಿರುಚು ತಿಳಿಯುತ್ತದೆ. ಬೀಗಲ್‌ನ ಒಡಲಿನ ಉದ್ದ ಸುಮಾರು 27.5 ಮೀಟರ್, ನಿಮ್ಮ ಪ್ರಮಾಣದಲ್ಲಿ ಅದು 43 ಸೆಂ.ಮೀ. ಅಷ್ಟು ಉದ್ದಕ್ಕೆ ಒಂದು ಮಿ.ಮೀ. ಅಡ್ಡಬಾಗಿದ್ದರೆ ಬಿಟ್ಟುಬಿಡಿ. ತಿರುಚಿದ್ದರೆ ಮಾತ್ರ ಹೊದಿಕೆ ಮುಚ್ಚುವ ಮೊದಲೇ ಸರಿಪಡಿಸಬೇಕು, ಏಕೆಂದರೆ ಮುಂದೆ ಹಾಯಿಕಂಬಗಳು ಒಂದಕ್ಕೊಂದು ಓರೆಯಾಗಿ ನಿಂತು ಇಡೀ ಮಾದರಿಯ ಅಂದ ಕೆಡುತ್ತದೆ. ಮಾದರಿಯನ್ನು ನೇರವಾಗಿ ಬಿಗಿದು ಹಿಡಿದು, ತೆರೆದಿರುವ ಕೆಳಭಾಗದಿಂದ ಬಲ್ಕ್‌ಹೆಡ್‌ಗಳ ನಡುವೆ ಮರದ ತುಂಡುಗಳನ್ನು ಅಂಟಿಸಿದರೆ ಸಣ್ಣ ತಿರುಚು ನಿಲ್ಲುತ್ತದೆ.

ಬೆಂಗಳೂರಿನಿಂದ ಬಂದ ಉತ್ತರ

ಬಿಚ್ಚುವುದು ಹೇಗೆ ಎಂಬುದನ್ನಷ್ಟೇ ನಾನು ಸೇರಿಸುತ್ತೇನೆ. ಮೊದಲು ಯಾವ ಅಂಟು ಎಂದು ತಿಳಿದುಕೊಳ್ಳಿ. ಫೆವಿಕಾಲಿನಂಥ ಬಿಳಿ ಅಂಟಾದರೆ ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಜೋಡಣೆಯ ಮೇಲಿಟ್ಟು, ಅದು ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ಅಂಟು ಮೆತ್ತಗಾದ ಮೇಲೆ ತೆಳುವಾದ ಬ್ಲೇಡನ್ನು ಮರದ ಎಳೆಯ ದಿಕ್ಕಿನಲ್ಲಿ ತೂರಿಸಿದರೆ ಪಟ್ಟಿ ಸೀಳದೆ ಬಿಡುತ್ತದೆ. ಬಿಸಿನೀರಿನಿಂದಲೂ ಈ ಅಂಟು ಸಡಿಲವಾಗುತ್ತದೆ, ಆದರೆ ನೀರಿಗೆ ಸುತ್ತಲಿನ ಮರವೂ ಉಬ್ಬುವುದರಿಂದ ಮಂಗಳೂರಿನ ಮಳೆಗಾಲದಲ್ಲಿ ನಾನು ಅದನ್ನು ಹೇಳಲಾರೆ. ಸೂಪರ್ ಗ್ಲೂ ಆದರೆ ಅಸಿಟೋನ್ ಬೇಕು. ಆಲ್ಕೋಹಾಲ್, ಅಸಿಟೋನ್ ಎರಡೂ ಥಟ್ಟನೆ ಹೊತ್ತಿಕೊಳ್ಳುವಂಥವು. ಕಿಟಕಿ ತೆರೆದಿಟ್ಟು, ಹತ್ತಿರದಲ್ಲಿ ಒಲೆಯಾಗಲಿ ದೀಪವಾಗಲಿ ಇಲ್ಲದಂತೆ ನೋಡಿಕೊಂಡೇ ಬಳಸಬೇಕು. ಅಸಿಟೋನ್ ಬಣ್ಣ ಮತ್ತು ವಾರ್ನಿಶ್‌ಗಳನ್ನೂ ಕರಗಿಸುತ್ತದೆ ಎಂಬುದು ನೆನಪಿರಲಿ.

ಡೆಕ್ಕಿನ ಕಲೆಗೆ ಅಸಿಟೋನ್ ಮಾತ್ರ ಸಾಕಾಗುವುದಿಲ್ಲ, ಏಕೆಂದರೆ ಕರಗಿದ ಅಂಟು ಮರದ ಎಳೆಗಳೊಳಗೆ ಇನ್ನೂ ಆಳಕ್ಕೆ ಇಳಿಯಬಹುದು. ಹೊಸ ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಹೆರೆದರೆ ತೆಳುವಾದ ಪದರ ಪುಡಿಯಾಗಿ ಬರುತ್ತದೆ. ಅಂಟು ಕುಡಿದ ಮರ ಬಣ್ಣವನ್ನು ಹೀರುವುದಿಲ್ಲವಾದ್ದರಿಂದ ಕಲೆ ಪೂರ್ತಿ ಹೋಯಿತೇ ಎಂದು ತಿಳಿಯಲು ಆ ಜಾಗವನ್ನು ಆಲ್ಕೋಹಾಲಿನಿಂದ ಒದ್ದೆ ಮಾಡಿ ನೋಡಿ; ಅಂಟು ಉಳಿದಿರುವಲ್ಲಿ ಮರ ಒದ್ದೆಯಾಗದೆ ಬಿಳಿಚಿಕೊಂಡೇ ಇರುತ್ತದೆ. ಡೆಕ್ಕಿನ ಪಟ್ಟಿ ತೀರ ತೆಳುವಾಗಿದ್ದು ಕಲೆ ಆಳವಾಗಿದ್ದರೆ ಆ ಒಂದು ಪಟ್ಟಿಯನ್ನು ಜೋಡಣೆಯಿಂದ ಜೋಡಣೆಗೆ ಕತ್ತರಿಸಿ ತೆಗೆದು ಹೊಸದನ್ನು ಕೂರಿಸುವುದೇ ಉತ್ತಮ. ಕಲೆಯಿರುವ ಜಾಗಕ್ಕೆ ಹಡಗಿನ ದೋಣಿಯೋ ಕಿಂಡಿಯ ಚೌಕಟ್ಟೋ ಬರುವುದಾದರೆ ಏನನ್ನೂ ಮಾಡಬೇಡಿ.

ಮಳೆಗಾಲಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ: ಬಾಗಿಸಲು ನೆನೆಸಿದ ಪಟ್ಟಿಯನ್ನು ಒದ್ದೆಯಿರುವಾಗಲೇ ಅಂಟಿಸಬೇಡಿ. ಅದನ್ನು ಮೈಮೇಲೆ ಕ್ಲಿಪ್ಪುಗಳಿಂದ ಹಿಡಿಸಿ, ಪೂರ್ತಿ ಒಣಗಿ ಆಕಾರ ನಿಂತ ಮೇಲೆ ತೆಗೆದು ಅಂಟಿಸಿ. ಒದ್ದೆ ಪಟ್ಟಿ ಅಗಲದಲ್ಲಿ ಉಬ್ಬಿರುತ್ತದೆ, ಒಣಗಿದ ಮೇಲೆ ಕುಗ್ಗಿ ಪ್ರತಿ ಜೋಡಣೆಯಲ್ಲೂ ಸಂದು ಬಿಡುತ್ತದೆ. ಅಂಥ ಸಂದುಗಳು ಈಗಾಗಲೇ ಇದ್ದರೆ ಅದೇ ಪಟ್ಟಿಗಳನ್ನು ಉಜ್ಜಿದಾಗ ಬಂದ ಪುಡಿಯನ್ನು ಬಿಳಿ ಅಂಟಿನಲ್ಲಿ ಕಲಸಿ ತುಂಬಿ.

ಶಿವಮೊಗ್ಗದಿಂದ ಬಂದ ಉತ್ತರ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಬಿಚ್ಚುವ ಮೊದಲು ನಿಮ್ಮ ಮಾದರಿ ಯಾವ ಕಾಲದ ಬೀಗಲ್ ಎಂಬುದನ್ನು ನಿರ್ಧರಿಸಿಕೊಳ್ಳುವಂತೆ ಕೇಳಿಕೊಳ್ಳುತ್ತೇನೆ, ಏಕೆಂದರೆ ದೋಷವೆಂದು ಕಂಡದ್ದು ಕೆಲವೊಮ್ಮೆ ಹಡಗಿನದೇ ಲಕ್ಷಣವಾಗಿರುತ್ತದೆ. ಬೀಗಲ್ 1820ರಲ್ಲಿ ವೂಲಿಚ್‌ನಲ್ಲಿ ನೀರಿಗಿಳಿದಾಗ ಎರಡೇ ಕಂಬಗಳ, 10 ತೋಪುಗಳ ಬ್ರಿಗ್ ಆಗಿತ್ತು. 1825ರಲ್ಲಿ ಸಮೀಕ್ಷೆಯ ಕೆಲಸಕ್ಕೆ ಸಜ್ಜುಗೊಳಿಸುವಾಗ ಹಿಂಬದಿಯಲ್ಲಿ ಮೂರನೆಯ ಕಂಬ ಸೇರಿತು. ಡಾರ್ವಿನ್ ಹೊರಟ 1831ರ ಯಾನಕ್ಕೆ ಮೊದಲು ನಾಯಕ ಫಿಟ್ಜ್‌ರಾಯ್ ಡೆಕ್ಕನ್ನು ಹಿಂದೆ 8 ಇಂಚು, ಮುಂದೆ 12 ಇಂಚು ಎತ್ತರಿಸಿದರು. 1:64ರಲ್ಲಿ ಇದು ಹಿಂದೆ 3 ಮಿ.ಮೀ.ಗಿಂತ ತುಸು ಹೆಚ್ಚು, ಮುಂದೆ 5 ಮಿ.ಮೀ.ಗೆ ತುಸು ಕಡಿಮೆ. ಹಳೆಯ ನಕ್ಷೆಯೊಂದನ್ನು ಹಿಡಿದು ಡೆಕ್ ಎತ್ತರವಾಯಿತೆಂದು ಉಜ್ಜಲು ಹೊರಟರೆ ಸರಿಯಿದ್ದದ್ದನ್ನು ಕೆಡಿಸಿದಂತಾಗುತ್ತದೆ.

ಅದೇ ಸಜ್ಜಿಕೆಯಲ್ಲಿ ಹಡಗಿನ ತಳಕ್ಕೆ ಎರಡು ಇಂಚು ದಪ್ಪದ ಹಲಗೆಯ ಹೊದಿಕೆ, ಅದರ ಮೇಲೆ ಫೆಲ್ಟ್ ಎಂಬ ದಪ್ಪ ಬಟ್ಟೆ, ಅದರ ಮೇಲೆ ಹೊಸ ತಾಮ್ರ ಹಾಕಲಾಯಿತು. ನಿಜವಾದ ಹಡಗೂ ಪದರದ ಮೇಲೆ ಪದರವಾಗಿಯೇ ನಿಂತಿತ್ತು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಬ್ರಿಟಿಷ್ ಹಡಗುಗಳ ತಾಮ್ರದ ತಗಡಿನ ರೂಢಿಯ ಅಳತೆ 4 ಅಡಿ ಉದ್ದ, 14 ಇಂಚು ಅಗಲ. ನಿಮ್ಮ ಪ್ರಮಾಣದಲ್ಲಿ 19 ಮಿ.ಮೀ. ಉದ್ದ, 5.6 ಮಿ.ಮೀ. ಅಗಲ. ಕಿಟ್‌ನಲ್ಲಿ ಬಂದ ತಗಡುಗಳನ್ನು ಇದಕ್ಕೆ ಹೋಲಿಸಿ ನೋಡಿ. ಹಿಂಬದಿಯಿಂದ ಆರಂಭಿಸಿ ಮುಂದಕ್ಕೆ ಬನ್ನಿ, ಆಗ ಮುಂದಿನ ತಗಡಿನ ಅಂಚು ಹಿಂದಿನದರ ಮೇಲೆ ಬಂದು, ಸಾಗುವ ಹಡಗಿನ ನೀರಿಗೆ ಎತ್ತಲು ಅಂಚು ಸಿಗದಂತೆ ಕೂರುತ್ತದೆ. ಬೆವರಿನ ಬೆರಳು ತಾಗಿದ ತಾಮ್ರ ಕೆಲವೇ ದಿನಗಳಲ್ಲಿ ಬೆರಳಚ್ಚಿನ ಆಕಾರದಲ್ಲೇ ಕಪ್ಪಾಗುವುದರಿಂದ ಕೈಗವಸು ತೊಟ್ಟುಕೊಂಡೇ ಈ ಕೆಲಸ ಮಾಡಬೇಕು.

ಮರ ಸಾಲದೆ ಬಂದರೆ ತೇಗಕ್ಕೆ ಹೋಗಬೇಡಿ. ಅದರ ರಂಧ್ರಗಳು ಈ ಪ್ರಮಾಣಕ್ಕೆ ತೀರ ದೊಡ್ಡದಾಗಿ ಕಾಣುತ್ತವೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆ ಮರ ಬಿಳಿ, ನುಣುಪು, ಎಳೆ ಒತ್ತಾಗಿದೆ. ಲೇತ್‌ನಲ್ಲಿ ಕಡೆಯಲು ಹದವಾದದ್ದು. ಮುರಿದ ಹಾಯಿಕಂಬ, ಪೀಪಾಯಿ, ರಾಟೆಗಳಿಗೆ ಅದು ಒಪ್ಪುತ್ತದೆ.

ಪ್ರಶ್ನೆ ಕೇಳಿದವರ ಮಾತು

ಎಲ್ಲರಿಗೂ ಕೃತಜ್ಞತೆಗಳು. ಕಡ್ಡಿಗಳನ್ನಿಟ್ಟು ನೋಡಿದೆ, ತಿರುಚು ಇಲ್ಲ. ರಟ್ಟಿನ ಅಚ್ಚಿನಿಂದ ನೋಡಿದಾಗ ಮೂರನೆಯ ಬಲ್ಕ್‌ಹೆಡ್ ಸರಿಯಾಗಿದ್ದು ನಾಲ್ಕನೆಯದೇ ತಗ್ಗಿರುವುದು ತಿಳಿಯಿತು. ಮೂತಿಯ ಪಟ್ಟಿಗಳನ್ನು ನಾಲ್ಕನೆಯ ಬಲ್ಕ್‌ಹೆಡ್‌ವರೆಗೆ ಬಿಚ್ಚಿ, ಅದರ ಅಂಚಿಗೆ ಚೂರು ಅಂಟಿಸುತ್ತೇನೆ. ಮುಂದೆ ಹಗ್ಗಗಳ ಕೆಲಸದಲ್ಲೂ ಹೀಗೆ ಮೊದಲೇ ಗಮನಿಸಬೇಕಾದದ್ದೇನಾದರೂ ಇದೆಯೇ?

ಮೈಸೂರಿನಿಂದ ಮತ್ತೆ

ಇದೆ, ಅಲ್ಲಿಯೂ ಅಳತೆ ಅದೇ. ಕಂಬವನ್ನು ಹಿಡಿದು ನಿಲ್ಲಿಸುವ ಸ್ಥಿರ ಹಗ್ಗಗಳ ದೋಷ ಅವುಗಳ ಮೇಲೆ ಬರುವ ಎಲ್ಲಕ್ಕೂ ದಾಟುತ್ತದೆ. ಹಾಯಿಗಳನ್ನು ಆಡಿಸುವ ಹಗ್ಗಗಳ ದೋಷ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕಂಬದಿಂದ ಹಡಗಿನ ಎರಡೂ ಬದಿಗೆ ಇಳಿಯುವ ಪಕ್ಕದ ಹಗ್ಗಗಳನ್ನು ಎಡ ಬಲ ಸರದಿಯಂತೆ ಜೋಡಿ ಜೋಡಿಯಾಗಿ ಕಟ್ಟಿ, ಪ್ರತಿ ಜೋಡಿಯಾದ ಮೇಲೂ ಮುಂದಿನಿಂದ ಕಂಬದ ನೇರವನ್ನು ನೋಡಿ. ಈ ಹಗ್ಗಗಳ ಕೆಳತುದಿಯನ್ನು ಬಿಗಿಯುವ ಮೂರು ತೂತಿನ ಬಿಲ್ಲೆಗಳ ನಡುವಿನ ಅಂತರ ಒಂದೇ ಆಗಿರಲು ತಂತಿಯನ್ನು ಬಾಗಿಸಿ ಅಳತೆಗೋಲು ಮಾಡಿಕೊಳ್ಳಿ. ಗಂಟುಗಳಿಗೆ ಸೂಪರ್ ಗ್ಲೂ ಬೇಡ, ಅದು ದಾರವನ್ನು ಗಡುಸಾಗಿಸಿ ಮುರಿಯುವಂತೆ ಮಾಡುತ್ತದೆ. ನೀರು ಬೆರೆಸಿದ ಬಿಳಿ ಅಂಟನ್ನು ಬಳಸಿದರೆ ಮುಂದೆ ಒದ್ದೆ ಮಾಡಿ ಬಿಚ್ಚಲು ಸಾಧ್ಯ. ಕರಾವಳಿಯ ತೇವಕ್ಕೆ ಹತ್ತಿಯ ದಾರ ಬಿಗಿಯುತ್ತದೆ, ಸಡಿಲುತ್ತದೆ, ಹಾಗಾಗಿ ಪಾಲಿಯೆಸ್ಟರ್ ದಾರವನ್ನೇ ಆರಿಸಿ.

ಪಕ್ಕದ ಹಗ್ಗಗಳಿಗೆ ಅಡ್ಡಲಾಗಿ ಕಟ್ಟುವ ಏಣಿಯ ಮೆಟ್ಟಿಲುಗಳ ಅಂತರ ನಿಜವಾದ ಹಡಗುಗಳಲ್ಲಿ ಸುಮಾರು 13 ಇಂಚು, ನಿಮ್ಮ ಪ್ರಮಾಣದಲ್ಲಿ ಅದು ಸುಮಾರು 5 ಮಿ.ಮೀ. ಆಗುತ್ತದೆ. ಚೌಕುಳಿಯಿರುವ ಕಾಗದವನ್ನು ಹಿಂದೆ ಹಿಡಿಸಿದರೆ ಕಣ್ಣಿಗೆ ಆಧಾರ ಸಿಗುತ್ತದೆ. ಈ ಮೆಟ್ಟಿಲುಗಳನ್ನು ಬಿಗಿಯಾಗಿ ಎಳೆದರೆ ಅಂಚಿನ ಹಗ್ಗಗಳು ಒಳಕ್ಕೆ ಬಂದು ನಡು ಸಣ್ಣದಾಗುತ್ತದೆ. ಹಾಗಾಗುತ್ತಿರುವುದು ಕಂಡ ಕೂಡಲೇ ಕೊನೆಯ ಕೆಲವು ಮೆಟ್ಟಿಲುಗಳನ್ನು ಕತ್ತರಿಸಿ, ಹೊರಗಿನ ಎರಡು ಹಗ್ಗಗಳ ನಡುವೆ ತಾತ್ಕಾಲಿಕವಾಗಿ ಒಂದು ಕಡ್ಡಿ ಕಟ್ಟಿ ಅಂತರ ಹಿಡಿದಿಟ್ಟು, ನಡುವಿನ ಹಗ್ಗದಿಂದ ಆರಂಭಿಸಿ ಮತ್ತೆ ಕಟ್ಟಿರಿ. ಹೆಚ್ಚಿನ ದಾರದ ತುದಿಗಳನ್ನು ಎಲ್ಲ ಕಂಬಗಳ ಬಿಗಿತವನ್ನೂ ಒಟ್ಟಿಗೆ ನೋಡಿ ಸರಿಪಡಿಸುವವರೆಗೆ ಕತ್ತರಿಸದೆ ಉಳಿಸಿಕೊಳ್ಳಿ.