ಬಳಚಿನ ಡೇಟಾ ಎಲ್ಲಿ ಇಡೋದು, ಯಾವಾಗ ಹಂಚೋದು?

ಅಳಿವೆ_ಹುಡ್ಗಿ: ಅಘನಾಶಿನಿ ಅಳಿವೆಲಿ ಬಳಚಿನ (ತಿನ್ನೋ ಚಿಪ್ಪಿನ ಜೀವಿ) ಮೇಲೆ ಪಿಎಚ್‌ಡಿ ಮಾಡ್ತಿದೀನಿ, ಗೈಡು ಡೇಟಾ ಮ್ಯಾನೇಜ್‌ಮೆಂಟ್ ಪ್ಲಾನ್ (ಡೇಟಾ ಹೇಗೆ ಇಡೋದು, ಹಂಚೋದು ಅನ್ನೋದು) ಬರ್ಕೊಂಡು ಬಾ ಅಂದ್ರು, ಎಲ್ಲಾ ಎಕ್ಸೆಲ್‌ನಲ್ಲಿ ಒಂದೇ ಪೆನ್‌ಡ್ರೈವಲ್ಲಿದೆ. ಪೇಪರ್ ಬರೋ ಮೊದ್ಲೇ ಹಂಚಿದ್ರೆ ಬೇರೆಯವ್ರು ಹೊಡ್ಕೊಂಡು ಹೋಗಲ್ವಾ?

ಶಿರಸಿ_ಮಾಣಿ: ಒಂದೇ ಪೆನ್‌ಡ್ರೈವಾ ಮಾರಾಯ್ತಿ! ಮೊದ್ಲು ಇನ್ನೆರಡು ಕಡೆ ಕಾಪಿ ಇಡು. ಆಮೇಲೆ ಝೆನೋಡೋ ನೋಡು, ಸಂಶೋಧನೆ ಡೇಟಾ ಇಡೋ ವೆಬ್‌ಸೈಟು, ಯುರೋಪಿನ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನವ್ರು 2013ರಿಂದ ನಡೆಸ್ತಿರೋದು, ಫ್ರೀ, ಡಿಒಐ (ಡೇಟಾಗೆ ಶಾಶ್ವತ ಗುರುತಿನ ಸಂಖ್ಯೆ) ಸಿಗತ್ತೆ, ಎಂಬಾರ್ಗೋ ಹಾಕಿದ್ರೆ ನೀನು ಹೇಳಿದ ತಾರೀಕಿನವರೆಗೆ ಫೈಲ್ ಯಾರಿಗೂ ತೆರ್ಯಲ್ಲ.

ಕುಮಟಾ_ಕಡಲು: ಜಾಗಕ್ಕಿಂತ ವಿವರ ಮುಖ್ಯ ಕಣ್ರೀ. ಸ್ಯಾಂಪಲ್ ತಗೊಂಡಾಗ ಭರತಾನಾ ಇಳಿತಾನಾ, ಉಪ್ಪಿನಂಶ ಯಾವ ಮೀಟರಲ್ಲಿ ಅಳೆದಿದ್ದು, ಇದೆಲ್ಲ ಡೇಟಾ ಜೊತೆ ಇಡೋ ರೀಡ್‌ಮಿ ಫೈಲಲ್ಲಿ ಬರೀರಿ, ಟೇಬಲ್‌ನ ಸಿಎಸ್‌ವಿ (ಎಕ್ಸೆಲ್ ಇಲ್ದೆನೂ ತೆರೆಯೋ ಸಾದಾ ಫೈಲು) ಮಾಡಿಡಿ. ಬಳಚು ಆರಿಸೋ ಹೆಂಗಸ್ರ ಹೆಸ್ರು, ಫೋನ್ ನಂಬರ್ ಇದ್ರೆ ತೆಗ್ದೇ ಹಂಚಿ.

ಅಳಿವೆ_ಹುಡ್ಗಿ: ಹೆಸ್ರು ಇದೆ, ಇವತ್ತೇ ತೆಗೀತೀನಿ. ಎಂಬಾರ್ಗೋ ಒಂದು ವರ್ಷ ಸಾಕಾ?