ಪಾರ್ಷಿಯಲ್ ಪ್ಯಾನೆಲ್ (ಕಾಕ್‌ಪಿಟ್‌ನ ಕೆಲವು ಮೀಟರ್ ಕೆಟ್ಟಂತೆ ಮುಚ್ಚಿ ಹಾರಿಸೋದು) ಅಂದ್ರೆ ಎಷ್ಟು ಮುಚ್ತಾರೆ?

ಹಾಸನದ ಹುಡುಗ:
ಅರಿಜೋನಾದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ರೂ ಮೀಟರ್ ನೋಡಿ ಹಾರಿಸೋ ಅರ್ಹತೆ) ಮಾಡ್ತಿದೀನಿ. ಚೆಕ್‌ರೈಡ್‌ಗೆ, ಅಂದ್ರೆ ಹಾರಾಟದ ಪರೀಕ್ಷೆಗೆ, ಇನ್ನು ಹನ್ನೊಂದೇ ದಿನ. ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ಎಸಿಎಸ್‌ನ, ಅಂದ್ರೆ ಪರೀಕ್ಷೆಯ ಮಾನದಂಡದ ಪುಸ್ತಕದ, ಏಳನೇ ಭಾಗದ ಟಾಸ್ಕ್ ಡಿ ಪ್ರಕಾರ ಪ್ರೈಮರಿ ಇನ್‌ಸ್ಟ್ರುಮೆಂಟ್ ಇಲ್ಲದೆ ಒಂದು ನಾನ್‌ಪ್ರಿಸಿಷನ್ ಅಪ್ರೋಚ್ (ಇಳಿಯೋ ಎತ್ತರದ ನಿಖರ ಮಾರ್ಗದರ್ಶನ ಇಲ್ಲದೆ ರನ್‌ವೇ ಕಡೆ ಬರೋದು) ಹಾರಿಸಬೇಕು. ಆದ್ರೆ ಯಾವ್ಯಾವ ಮೀಟರ್ ಮುಚ್ಚಬೇಕು ಅಂತ ಹೆಸರು ಹಿಡಿದು ಬರೆದೇ ಇಲ್ಲ! ಹಳೇ ಮುಳ್ಳಿನ ಪ್ಯಾನೆಲ್ ಇರೋ ಸೆಸ್ನಾ 172ರಲ್ಲಿ ನಮ್ಮ ಇನ್‌ಸ್ಟ್ರಕ್ಟರ್ ಅಟಿಟ್ಯೂಡ್ ಇಂಡಿಕೇಟರ್ (ವಿಮಾನ ಎಷ್ಟು ವಾಲಿದೆ ಅಂತ ತೋರಿಸೋದು), ಡಿಜಿ (ದಿಕ್ಕು ತೋರಿಸೋದು) ಎರಡನ್ನೂ ಮುಚ್ತಿದ್ರು. ಈಗ ಅದು ರಿಪೇರಿಗೆ ಹೋಗಿದೆ, ಜಿ1000, ಅಂದ್ರೆ ಮುಳ್ಳಿನ ಬದಲು ಎರಡು ಸ್ಕ್ರೀನ್, ಇರೋದು ಕೊಟ್ಟಿದಾರೆ. ರೂಮ್‌ಮೇಟ್ ಹೇಳ್ತಾನೆ, "ಪಿಎಫ್‌ಡಿ (ಪೈಲಟ್ ಮುಂದಿನ ಮುಖ್ಯ ಸ್ಕ್ರೀನ್) ಹೋದ್ರೆ ಕೆಂಪು ಬಟನ್ ಒತ್ತು, ಎಲ್ಲ ಪಕ್ಕದ ಸ್ಕ್ರೀನಿಗೆ ಬರುತ್ತೆ" ಅಂತ. ಅಷ್ಟು ಸಲೀಸಾ? ಕಾಫಿ ಬೆಟ್ ಕಟ್ಟಿದೀನಿ.

ಬಲಗಡೆ ಸೀಟು:
ಅವನು ಹೇಳಿದ್ದು ಅರ್ಧ ಸರಿ ತಮ್ಮಾ. ಸ್ಕ್ರೀನ್ ಸತ್ತಿದ್ರೆ ಬಟನ್ ಸಾಕು. ಆದ್ರೆ ಎಎಚ್‌ಆರ್‌ಎಸ್ (ವಾಲು, ದಿಕ್ಕು ಅಳೆದು ಸ್ಕ್ರೀನಿಗೆ ಕೊಡೋ ಸೆನ್ಸರ್) ಕೆಟ್ಟರೆ ಎರಡು ಸ್ಕ್ರೀನೂ ಚೆನ್ನಾಗೇ ಬೆಳಗ್ತಿರುತ್ತೆ, ಹಾರಿಜನ್ ಇರಬೇಕಾದ ಕಡೆ ದೊಡ್ಡ ಕೆಂಪು ಕತ್ತರಿ ಗುರುತು. ಬಟನ್ ಒತ್ತಿದ್ರೆ ಪಕ್ಕದಲ್ಲೂ ಅದೇ ಕತ್ತರಿ. ಒಲೆ ಆರಿದ ಮೇಲೆ ತಟ್ಟೆ ಬದಲಾಯಿಸಿ ಏನು ಪ್ರಯೋಜನ?

ಹೆಸರು ಬರೆಯದೇ ಇರೋದು ಬೇಕಂತಲೇ. ನೀನು ತಂದ ವಿಮಾನದಲ್ಲಿ ನಿಜಕ್ಕೂ ಏನು ಕೆಡಬಹುದೋ ಅದನ್ನೇ ಕೆಡಿಸಬೇಕು ಅನ್ನೋದು ಅದರ ಅರ್ಥ. ಹಳೇ 172ರಲ್ಲಿ ಅಟಿಟ್ಯೂಡ್, ಡಿಜಿ ಎರಡಕ್ಕೂ ಒಂದೇ ವ್ಯಾಕ್ಯೂಮ್ ಪಂಪು. ಪಂಪ್ ಹೋದ್ರೆ ಜೋಡಿಯಾಗೇ ಹೋಗುತ್ವೆ, ಅದಕ್ಕೇ ನಿಮ್ಮ ಇನ್‌ಸ್ಟ್ರಕ್ಟರ್ ಎರಡೂ ಮುಚ್ಚಿದ್ದು. ತಿರುವು ತೋರಿಸೋ ಟರ್ನ್ ಕೋಆರ್ಡಿನೇಟರ್ ಕರೆಂಟಲ್ಲಿ ಓಡುತ್ತೆ, ಅದು ಉಳಿಯುತ್ತೆ. ಜಿ1000ನಲ್ಲಿ ಎಕ್ಸಾಮಿನರ್ ಪಿಎಫ್‌ಡಿ ಸ್ಕ್ರೀನ್ ಮಬ್ಬು ಮಾಡಿ ಸ್ಟ್ಯಾಂಡ್‌ಬೈ (ಬದಲಿಗೆ ಇಟ್ಟ ಸಣ್ಣ ಮೀಟರ್) ಮೇಲೇ ಹಾರಿಸು ಅನ್ನಬಹುದು. ಅದಕ್ಕೆ ತಯಾರಿರು.

ಇನ್ನೊಂದು: ಪಾಪ, ಪ್ಯಾನೆಲ್ ಅರ್ಧ ಇದೆ ಅಂತ ಅಳತೆ ಸಡಿಲ ಮಾಡಲ್ಲ. ಎಂಡಿಎ (ರನ್‌ವೇ ಕಾಣೋ ತನಕ ಇಳಿಯಬಹುದಾದ ಕನಿಷ್ಠ ಎತ್ತರ) ಮೇಲೆ 100 ಅಡಿ ಸರಿ, ಕೆಳಗೆ ಒಂದಡಿಯೂ ಇಲ್ಲ. ಸ್ಪೀಡು 10 ನಾಟ್ ಆಚೀಚೆ, ಸಿಡಿಐ (ದಾರಿಯಿಂದ ಎಷ್ಟು ಸರಿದಿದ್ದೀವಿ ಅಂತ ತೋರಿಸೋ ಮುಳ್ಳು) ಮುಕ್ಕಾಲು ಭಾಗ ದಾಟಬಾರದು.

ಮೋಡದೊಳಗೆ:
ನಾನು ಹಳೇ ಪ್ಯಾನೆಲ್‌ನಲ್ಲೇ ಪಾಸಾದವಳು. ನಮ್ಮ ಎಕ್ಸಾಮಿನರ್ ಬಾತ್‌ರೂಮಿನ ಗೋಡೆಗೆ ಸೋಪು ಅಂಟಿಸ್ತಾರಲ್ಲ, ಆ ರಬ್ಬರ್ ಬಿಲ್ಲೆ ಎರಡು ಜೇಬಲ್ಲಿಟ್ಕೊಂಡು ಬಂದಿದ್ರು. ಒಂದು ಅಪ್ರೋಚ್ ಮಧ್ಯೆ ಕಳಚಿ ನನ್ನ ಮಡಿಲಿಗೆ ಬಿತ್ತು. "ನೋಡಿಲ್ಲ ಅನ್ಕೋ" ಅಂತ ಮತ್ತೆ ಅಂಟಿಸಿದ್ರು!

ಡಿಜಿ ಇಲ್ಲದಿದ್ರೆ ಕಂಪಾಸ್ ತಿರುವು ರೂಢಿ ಮಾಡ್ಕೋ. ಉತ್ತರಕ್ಕೆ ತಿರುಗುವಾಗ ಅಕ್ಷಾಂಶದಷ್ಟು ಡಿಗ್ರಿ ಮೊದಲೇ ನೇರ ಮಾಡ್ಬೇಕು, ಅದರ ಜೊತೆ ಮಾಮೂಲಿಯಾಗಿ ಬಿಡೋ ಐದು ಡಿಗ್ರಿ. ಜಕ್ಕೂರಲ್ಲಿ 13 ಅಂತ ಕೈಗೆ ಕೂತಿತ್ತು. ಫೀನಿಕ್ಸಲ್ಲಿ 33. ಮೊದಲನೇ ವಾರ ಪ್ರತಿ ಸಲ ಉತ್ತರ ದಾಟಿ ಹೋಗಿದೀನಿ.

ಹಾಸನದ ಹುಡುಗ:
ಮೇಡಂ, ಸರ್, ಥ್ಯಾಂಕ್ಸ್. ಇವತ್ತು ಸಂಜೆ ಪಿಎಫ್‌ಡಿ ಕಪ್ಪು ಮಾಡಿಸಿ ಹಾರಿಸ್ದೆ, ಇನ್‌ಸ್ಟ್ರಕ್ಟರ್ ನನ್ನ ಐಪ್ಯಾಡ್‌ನೂ ಕಿತ್ಕೊಂಡ್ರು. ಸ್ಟ್ಯಾಂಡ್‌ಬೈ ಮೂರೂ ಕೆಳಗೆ ಮಧ್ಯದಲ್ಲಿ, ಇಣುಕಿ ಇಣುಕಿ ಕತ್ತು ಹಿಡೀತು. ಎಂಡಿಎಗಿಂತ 40 ಅಡಿ ಕೆಳಗೆ ಹೋದೆ. ನಾಳೆ ಬೆಳಿಗ್ಗೆ ಇನ್ನೊಂದು ಸಲ. ರೂಮ್‌ಮೇಟ್‌ಗೆ ಕೆಂಪು ಕತ್ತರಿ ವಿಷಯ ಹೇಳ್ದೆ, ಕಾಫಿ ಖರ್ಚು ಅವನದ್ದೇ.